ಶೀರ್ಷಿಕೆಗೊಂದು ಬಾಲ

ಕನ್ನಡ ಎಂ.ಎ. ಹುಡುಗರ ಕಿರುಪ್ರಬಂಧ ಎಂದಮೇಲೆ ಶೀರ್ಷಿಕೆಗೆ ಬಾಲ ಇರಲೇಬೇಕು: ‘ಒಂದು ಅಧ್ಯಯನ’. ಧೈರ್ಯವಂತರಾದರೆ ‘ಒಂದು ವಿಶ್ಲೇಷಣಾತ್ಮಕ ಅಧ್ಯಯನ’. ಎರಡು ಅಧ್ಯಯನ ಮಾಡಿದವರನ್ನು ನಾನಂತೂ ಕಂಡಿಲ್ಲ.

ವಿಷಯದ ಆಯ್ಕೆಯೋ, ಪುಟ ಎಣಿಸಿ ಕುದುರಿಸುವ ವ್ಯವಹಾರ. ಕಾರಂತರದು ನಲವತ್ತಕ್ಕೂ ಹೆಚ್ಚು ಕಾದಂಬರಿ ಎಂದು ಗೊತ್ತಾದದ್ದೇ ತಡ, ಹುಡುಗ ದೂರದಿಂದಲೇ ಕೈಮುಗಿದು ಕುವೆಂಪು ಕಡೆ ಓಡುತ್ತಾನೆ. ಅವರದು ಎರಡೇ ಎರಡು! 1967ರ ‘ಮಲೆಗಳಲ್ಲಿ ಮದುಮಗಳು’ವನ್ನು ಗ್ರಂಥಾಲಯದವರು ಮೇಜಿನ ಮೇಲಿಟ್ಟಾಗ ಅವನ ಮುಖ ನೋಡಬೇಕು. ನಿಧಾನಕ್ಕೆ ಒಂದಷ್ಟು ತಿರುವಿ ಹಾಕಿ, “ಸರ್, ಬರೀ ಐತ-ಪೀಂಚಲು ಮೇಲೆ ಮಾಡ್ಲಾ?” ಎನ್ನುತ್ತಾನೆ.

ಸೋಮಾರಿತನದಿಂದಲೇ ಹುಟ್ಟಿದ್ದಿರಬಹುದು, ಆದರೆ ವಿಷಯ ಬೊಂಬಾಟು. ಆಳುಮಕ್ಕಳ ದುಡಿಮೆಯ ನಡುವೆ ಆ ದಂಪತಿಯ ಪ್ರೀತಿಗೆ ಕುವೆಂಪು ಯಾಕಷ್ಟು ಜಾಗ ಕೊಟ್ಟರು? ಕೇಳಲು ಪ್ರಶ್ನೆಯಿದೆ, ಹುಡುಕಲು ಮಿತಿಯಿದೆ.

ಸರ್ ಬಿಡಬೇಕಲ್ಲ! “ಸಣ್ಣದಾಯ್ತು ಕಣಯ್ಯಾ” ಎಂದು ಕೆಂಪು ಪೆನ್ನಿನಲ್ಲಿ ಬರೆದೇಬಿಟ್ಟರು: ‘ಕುವೆಂಪು ಸಾಹಿತ್ಯದಲ್ಲಿ ಸಾಮಾಜಿಕ ಪ್ರಜ್ಞೆ: ಒಂದು ಅಧ್ಯಯನ’. ಈಗ ಕಾದಂಬರಿಗಳ ಜೊತೆ ನಾಟಕ, ಕವನ, ‘ಶ್ರೀ ರಾಮಾಯಣ ದರ್ಶನಂ’ ಎಲ್ಲವೂ ಅವನ ತಲೆಯ ಮೇಲೆ.

ಮಾರ್ಗದರ್ಶಕರೇ, ದಮ್ಮಯ್ಯ, ಹುಡುಗನಿಗೆ ಪೀಂಚಲುವನ್ನೇ ಬಿಟ್ಟುಕೊಡಿ.