ಹೆಸರು ನಂದು, ಊಟ ಅದರದ್ದು

ಜಯನಗರ ನಾಲ್ಕನೇ ಬ್ಲಾಕಿನ ಒಂದು ತಿರುವು. ಮಳೆಮರದ ಕೆಳಗೆ, ಎರಡು ಕಂಬಗಳ ನಡುವೆ ಯಜಮಾನರು ಗುಂಯ್‌ಗುಡುತ್ತ ಕೂತಿದ್ದಾರೆ. ಬುಡದಲ್ಲಿ ಕಸದ ಮೂಟೆ. ಎದೆಯ ಮೇಲೆ ತಲೆಬುರುಡೆಯ 'ಅಪಾಯ' ಫಲಕ, ಅದನ್ನು ಅರ್ಧ ಮುಚ್ಚಿದ 'ಹುಡುಗರ ಪಿಜಿ' ಬೋರ್ಡು. ಲೈನ್‌ಮನ್‌ಗಳ ಬಾಯಲ್ಲಿ ಇವರು ಟಿಸಿ, ನಮಗೆ ಟ್ರಾನ್ಸ್‌ಫಾರ್ಮರ್.

ನಾನು: ಎಐಗೆ ಕರೆಂಟು ಸಾಲ್ತಿಲ್ಲವಂತೆ, ಯಜಮಾನ್ರೇ.

ಟಿಸಿ: ಮೊದಲು ಹೆಸರಿನ ವಿಷಯ ಇತ್ಯರ್ಥ ಆಗಲಿ. 2017ರಲ್ಲಿ ಗೂಗಲ್‌ನವರು ಯಾವುದೋ ಲೆಕ್ಕಾಚಾರ ಕಟ್ಟಿ ಅದಕ್ಕೂ 'ಟ್ರಾನ್ಸ್‌ಫಾರ್ಮರ್' ಅಂತ ಹೆಸರಿಟ್ಟರು. ಚಾಟ್‌ಜಿಪಿಟಿಯ ಕೊನೇ 'ಟಿ' ಅದೇ. ನನ್ನನ್ನ ಒಂದು ಮಾತು ಕೇಳಿದ್ರಾ? ನಾನು 11,000 ವೋಲ್ಟ್ ಇಳಿಸಿ ನಿಮ್ಮನೆ ಮಿಕ್ಸಿಗೆ ತಕ್ಕ ಹಾಗೆ ಕೊಡೋನು. ಅದು ಏನು ಇಳಿಸುತ್ತೆ?

ನಾನು: ಅದು ನಿಮ್ಮ ಕರೆಂಟು ತಿನ್ನಲ್ಲವಲ್ಲ?

ಟಿಸಿ: ಇಲ್ಲ, ಅದೇ ತಮಾಷೆ. ಬಿಟಿಎಂ ಪಿಜಿ ಹುಡುಗ ರಾತ್ರಿ ಎರಡಕ್ಕೆ 'ಮ್ಯಾನೇಜರಿಗೆ ರಜಾ ಮೇಲ್ ಬರೆದುಕೊಡು' ಅಂತಾನೆ. ಇಲ್ಲಿ ಖರ್ಚಾಗೋದು ಅವನ ಫೋನಿನ ಚಾರ್ಜು. ಮಿಕ್ಕಿದ್ದು ಯಾವುದೋ ಊರಿನ ಡೇಟಾ ಸೆಂಟರ್ ಮೀಟರಲ್ಲಿ ಓಡುತ್ತೆ. 2024ರಲ್ಲಿ ಡೇಟಾ ಸೆಂಟರುಗಳ ಪಾಲು ಜಗತ್ತಿನ ಕರೆಂಟಲ್ಲಿ ಸುಮಾರು ಶೇ. 1.5. 2030ರ ಹೊತ್ತಿಗೆ ಅವುಗಳ ಹಸಿವು ದುಪ್ಪಟ್ಟು ದಾಟುತ್ತೆ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜು ಹಾಕಿದೆ.

ನಾನು: ಪಾವಗಡದ ಸೋಲಾರ್ ಇದೆಯಲ್ಲ?

ಟಿಸಿ: ಇದೆ, 2,050 ಮೆಗಾವಾಟ್. ಆದ್ರೆ ಸೂರ್ಯನಿಗೆ ನೈಟ್ ಶಿಫ್ಟ್ ಇಲ್ಲ. ಹಗಲಿನದ್ದನ್ನ ರಾತ್ರಿಗೆ ಎತ್ತಿಡಬೇಕು. ಅದಕ್ಕೇ ಶರಾವತಿ ಕಣಿವೇಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಅಂತ ಹೊರಟಿದ್ದಾರೆ. ಗೇರುಸೊಪ್ಪೆ ಜಲಾಶಯದ ನೀರನ್ನ ಮೇಲಿನ ತಲಕಳಲೆಗೆ ಎತ್ತೋದು, ಬೇಕಾದಾಗ ಕೆಳಕ್ಕೆ ಬಿಡೋದು. ಎತ್ತೋಕೆ ಹಿಡಿಯೋ ಕರೆಂಟು, ವಾಪಸ್ ಬರೋದಕ್ಕಿಂತ ಜಾಸ್ತಿ. ಬ್ಯಾಂಕಿಗೆ ನಾವೇ ಬಡ್ಡಿ ಕೊಟ್ಟು ಠೇವಣಿ ಇಟ್ಟ ಹಾಗೆ! ಅದೂ ಸಿಂಗಳೀಕಗಳ ಅಭಯಾರಣ್ಯದಲ್ಲಿ. ಅವೇನು ರಜಾ ಮೇಲ್ ಕೇಳಿದ್ವಾ? ಅದೇ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಅರವತ್ತರ ದಶಕದಲ್ಲಿ ಮನೆ ಮುಳುಗಿಸಿಕೊಂಡವರ ಮಕ್ಕಳು ಭೂಮಿಯ ಹಕ್ಕಿಗೆ ಇನ್ನೂ ಅಲೀತಿದ್ದಾರೆ.

ನಾನು: ಅಣುವಿದ್ಯುತ್ತು?

ಟಿಸಿ: ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಕರೆಂಟು ಕೊಳ್ಳುತ್ತೆ ಅಂತ ತ್ರೀ ಮೈಲ್ ಐಲ್ಯಾಂಡಿನ ಮುಚ್ಚಿದ್ದ ಘಟಕವನ್ನೇ ಎಬ್ಬಿಸೋಕೆ ಹೊರಟಿದ್ದಾರೆ. ನಮ್ಮ ಕೈಗಾ ನಾಲ್ಕು ಘಟಕ ಸೇರಿ 880 ಮೆಗಾವಾಟ್.

ನಾನು: ಹಾಗಾದ್ರೆ ಕರೆಂಟು ಮೊದಲು ಯಾರಿಗೆ ಸಿಗುತ್ತೆ?

ಟಿಸಿ: ನಮ್ಮ ಮನೆತನದ ಚರಿತ್ರೆ ಹೇಳ್ತೀನಿ, ಬರ್ಕೊಳ್ಳಿ. 1902ರಲ್ಲಿ ಶಿವನಸಮುದ್ರದ ಕರೆಂಟು ಹೊರಟಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಈಗಲೂ ಗಣಿಯೇ. ಅಗೆಯೋ ಮಾಲು ಬೇರೆ, ಅಷ್ಟೆ.

ನಾನು: ಕೊನೆಯದಾಗಿ ಏನಾದ್ರೂ?

ಟಿಸಿ: ಹೋಗ್ತಾ ಆ ಪಿಜಿ ಬೋರ್ಡು ಬಿಚ್ಚಿಸೋಕೆ ಯಾರಿಗಾದ್ರೂ ಹೇಳಿ. ನೀವು ಮುಟ್ಟಬೇಡಿ, ಹಿಂದೆ ಬರೆದಿರೋದು ನಿಜ.