ಪ್ರಿಪೊಸಿಷನ್ ಮೇಷ್ಟ್ರು

ಬಡಾವಣೆಗೊಬ್ಬ ಪ್ರಿಪೊಸಿಷನ್ ಮೇಷ್ಟ್ರು ಇದ್ದೇ ಇರುತ್ತಾರೆ. ಅವರು ನಿವೃತ್ತರಾಗಿ ಎಷ್ಟೋ ವರ್ಷವಾಗಿರುತ್ತದೆ, ಜೇಬಿನ ಕೆಂಪು ಪೆನ್ನು ಮಾತ್ರ ಇನ್ನೂ ಸರ್ವೀಸಿನಲ್ಲಿರುತ್ತದೆ. ಮದುವೆ ಕರೆಯೋಲೆ ಕೊಟ್ಟರೆ ಮುಹೂರ್ತ ನೋಡುವುದಿಲ್ಲ. ‘ಆನ್’ ಇರಬೇಕಾದ ಕಡೆ ‘ಅಟ್’ ಕೂತಿದೆಯೇ ಎಂದು ಹುಡುಕುತ್ತಾರೆ. ‘ಡಿಸ್ಕಸ್ ಅಬೌಟ್’ ಎಂದವರಿಗೆ ಅವರ ಮನೆಯಲ್ಲಿ ಕಾಫಿ ತಡವಾಗಿ ಬರುತ್ತದೆ.

ಪಾಪ, ಕನ್ನಡಿಗನ ಕಷ್ಟ ಅವರಿಗೂ ಗೊತ್ತು. ಚೀಲದಲ್ಲಿ, ಬಸ್ಸಿನಲ್ಲಿ, ಸ್ಟಾಪಿನಲ್ಲಿ ಎಂದು ನಮಗೆ ಸಪ್ತಮಿ ವಿಭಕ್ತಿ ಒಂದೇ ಸಾಕು. ಇಂಗ್ಲಿಷಿಗೆ ಚೀಲಕ್ಕೆ ‘ಇನ್’, ಬಸ್ಸಿಗೆ ‘ಆನ್’, ಸ್ಟಾಪಿಗೆ ‘ಅಟ್’ ಬೇಕು.

ಈ ಲೇಖಕನ ತಂಗಿಯ ಮಗ ಗ್ಲಾಸ್ಗೋದಲ್ಲಿ ಓದುತ್ತಿದ್ದಾನೆ. ಕ್ಲಾಸಿನ ವೇಳೆಯ ‘ಔಟ್‌ವಿತ್’ ಫೋನ್ ಮಾಡಿ ಎಂದು ಇಂಗ್ಲಿಷಿನಲ್ಲಿ ಮೇಲ್ ಬರೆದಿದ್ದ. ಹೆಮ್ಮೆಯಿಂದ ಪ್ರಿಂಟ್ ತೆಗೆದು ಮೇಷ್ಟ್ರಿಗೆ ತೋರಿಸಿದ್ದೇ ತಪ್ಪಾಯಿತು. ಕೆಂಪು ಪೆನ್ನು ಗಿರ್ರನೆ ಸುತ್ತು ಹಾಕಿತು.

“ಏನ್ರೀ ಇದು, ವಿಥೌಟನ್ನೇ ತಿರುಗಿಸಿ ಬರೆದಿದಾನಲ್ಲ! ಫೀಸು ಎಷ್ಟು ಕಟ್ಟಿದೀರಿ?”

ಲೇಖಕ ನಿಘಂಟು ತೆರೆಯುವ ಗೋಜಿಗೂ ಹೋಗದೆ ಹುಡುಗನಿಗೆ ಅರ್ಧ ಪುಟ ಬೈದು ಬರೆದ. “ಮಾವ, ಇಲ್ಲಿ ಎಲ್ಲರೂ ಹೀಗೇ ಅನ್ನೋದು” ಎಂಬ ಉತ್ತರದ ಜೊತೆ ಒಂದು ನೋಟಿಸಿನ ಫೋಟೊ ಬಂತು. ಅದರಲ್ಲೂ ‘ಔಟ್‌ವಿತ್’!

ಅದು ಸ್ಕಾಟ್ಲೆಂಡಿನ ದಿನಬಳಕೆಯ ಪ್ರಿಪೊಸಿಷನ್. ಅರ್ಥ ‘ಹೊರಗೆ’, ‘ಆಚೆ’. ಅಲ್ಲಿನ ಸರ್ಕಾರಿ ಕಾಗದಪತ್ರಗಳಲ್ಲೂ ಇದೆ; ಗಡಿ ದಾಟಿ ಇಂಗ್ಲೆಂಡಿಗೆ ಬಂದರೆ ಎಷ್ಟೋ ಜನ ಹುಬ್ಬೇರಿಸುತ್ತಾರೆ. ‘ವಿಥೌಟ್’ಗೂ ಹಿಂದೆ ‘ಹೊರಗೆ’ ಎಂಬ ಅರ್ಥವಿತ್ತು. ಲಂಡನ್ನಿನ ಸೇಂಟ್ ಬಾಟಲ್ಫ್ ವಿಥೌಟ್ ಬಿಷಪ್ಸ್‌ಗೇಟ್ ಚರ್ಚಿಗೆ ಬಾಗಿಲಿಲ್ಲವೆಂದಲ್ಲ, ಅದು ಹಳೆಯ ಊರಬಾಗಿಲಿನ ಹೊರಗಿತ್ತು. ಇನ್ನು ಸಾಲಿನಲ್ಲಿ ನಿಲ್ಲುವ ಅಮೆರಿಕನ್ನರು ‘ಇನ್ ಲೈನ್’ ಎಂದರೆ, ನ್ಯೂಯಾರ್ಕಿನವರು ‘ಆನ್ ಲೈನ್’ ಎನ್ನುತ್ತಾರೆ. ಇಂಟರ್ನೆಟ್ಟಿಗೂ ಮುಂಚಿನಿಂದ!

ಇದನ್ನೆಲ್ಲ ಮೇಷ್ಟ್ರ ಮುಂದೆ ಒಪ್ಪಿಸುವಾಗ ಲೇಖಕನಿಗೆ ಒಳಗೊಳಗೇ ಖುಷಿ. ಮೇಷ್ಟ್ರು ವಾದಿಸಲಿಲ್ಲ. ಬೈಂಡು ಕಿತ್ತ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ತೆಗೆದು, ಕೊನೆಯ ಖಾಲಿ ಹಾಳೆಯಲ್ಲಿ ‘ಔಟ್‌ವಿತ್’ ಎಂದು ಬರೆದುಕೊಂಡರು. ಪೆನ್ಸಿಲ್ಲಿನಲ್ಲಿ. “ಇಷ್ಟು ವರ್ಷ ಎಷ್ಟು ಹುಡುಗರಿಗೆ ಸುಮ್ಮನೆ ಸುತ್ತು ಹಾಕಿದೆನೋ” ಎಂದರು. ಲೇಖಕನ ಖುಷಿ ಅಲ್ಲೇ ಇಳಿಯಿತು.

ಮರುದಿನ ಮೇಲ್ ವಾಪಸ್ ಬಂತು. ‘ಔಟ್‌ವಿತ್’ ಸುತ್ತಿನ ಪಕ್ಕದಲ್ಲಿ ‘ಸರಿ’ ಎಂದಿತ್ತು. ಹೊಸದಾಗಿ ಎರಡು ಅಲ್ಪವಿರಾಮ ಬಿದ್ದಿದ್ದವು, ಕೆಂಪಿನಲ್ಲೇ.

ನಿಮ್ಮ ಬಡಾವಣೆಯಲ್ಲೂ ಇಂಥವರಿದ್ದರೆ ಕರೆಯೋಲೆ ಅಚ್ಚಿಗೆ ಕೊಡುವ ಮೊದಲೇ ತೋರಿಸಿಬಿಡಿ. ಅಚ್ಚಾದ ಮೇಲಂತೂ ಅವರು ನೋಡೇ ನೋಡುತ್ತಾರೆ.