ಬೇಲಿಯಾಚೆಯ ಶಂಟಿಂಗ್

ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ನಮ್ಮ ಪಕ್ಕದ ಮನೆಯವರ ಹಿತ್ತಲಿನ ಮಾದರಿ ರೈಲಿನ ವಿಷಯ ನಿಮಗೆ ಹೊಸದಲ್ಲ. ಹೋದ ಸಲ ಇಲ್ಲಿಂದ ಊರಿಗೆ ಬಂದಾಗಲೇ ಹೇಳಿ ಹೇಳಿ ನಿಮ್ಮ ತಲೆ ತಿಂದಿದ್ದೆ. ನಿಂಬೆ ಗಿಡದ ಬುಡದಲ್ಲಿ ಸ್ಟೇಷನ್ನು, ಗುಲಾಬಿ ಪಾತಿಯ ಕೆಳಗೆ ಸುರಂಗ, ಮೊಣಕಾಲೆತ್ತರದ ಕಲ್ಲುಕಟ್ಟೆಯ ಮೇಲೆ ಹಿತ್ತಾಳೆ ಹಳಿ. ಬೇಲಿಯ ಹಲಗೆ ಸಂದಿಯಲ್ಲಿ ನಾನು ಇಣುಕುವುದು, ಆಚೆಯಿಂದ ಆ ಮನೆಯ ಹಿರಿಯರು ಟೋಪಿ ಎತ್ತುವುದು, ಅದೂ ಗೊತ್ತು. ಅವರಿಗೆ ನಾನು ಮನಸ್ಸಿನಲ್ಲೇ ‘ರಾಯರು’ ಅಂತ ಹೆಸರಿಟ್ಟುಕೊಂಡಿದ್ದೇನೆ. ಅವರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ನನ್ನ ಹೆಸರು ಅವರ ನಾಲಿಗೆಗೆ ಹೊರಳುವುದಿಲ್ಲ. ಅಲ್ಲಿಗಲ್ಲಿಗೆ ಸರಿಹೋಯಿತು, ಅಲ್ವಾ?

ಈ ಸಲ ಇಣುಕುವ ಕಷ್ಟ ಇರಲಿಲ್ಲ, ಕರೆದೇ ಕರೆದರು. ಶನಿವಾರ ಅವರ ಬಳಗವೆಲ್ಲ ಸೇರಿ ರೈಲು ನಡೆಸುವ ದಿನ. ಬೆಳಿಗ್ಗೆ ಒಬ್ಬೊಬ್ಬರೇ ಬಂದಿಳಿದರು, ಬಹುಪಾಲು ಎಪ್ಪತ್ತು ದಾಟಿದವರು. ಒಬ್ಬರ ಮಂಡಿಗೆ ಪಟ್ಟಿ, ಇನ್ನೊಬ್ಬರ ಕಂಕುಳಲ್ಲಿ ಮಡಚುವ ಸ್ಟೂಲು, ಮತ್ತೊಬ್ಬರು ಬರುವಾಗಲೇ ಸೊಂಟ ಹಿಡಿದುಕೊಂಡು ಬಂದರು. ಆದರೆ ಎಲ್ಲರ ಅಂಗಿ ಜೇಬಿನಲ್ಲೂ ಒಂದೊಂದು ಬಿದಿರು ಕಡ್ಡಿ! ಕಬಾಬಿಗೆ ಚುಚ್ಚುತ್ತಾರಲ್ಲ, ಅದೇ. ಇದ್ಯಾವ ವ್ರತವಪ್ಪಾ ಅಂದುಕೊಂಡೆ. ಡಬ್ಬಿಗೂ ಡಬ್ಬಿಗೂ ನಡುವೆ ಇರುವ ಕೊಂಡಿ ಬಿಡಿಸುವುದಕ್ಕಂತೆ. ಕೊಂಡಿಯ ಸಂದಿಯಲ್ಲಿ ಕಡ್ಡಿ ತೂರಿಸಿ ಒಂದಿಷ್ಟು ತಿರುವಿದರೆ ಎರಡೂ ಡಬ್ಬಿ ಬೇರೆ ಬೇರೆ. ಕೈ ನಡುಗುವವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಉಳಿದವರು ಆಕಾಶ ನೋಡುತ್ತಾ ನಿಲ್ಲುತ್ತಾರೆ, ಅವಸರ ಮಾಡುವುದಿಲ್ಲ. ಆ ಮರ್ಯಾದೆ ನನಗೆ ತುಂಬಾ ಹಿಡಿಸಿತು.

ಮೊದಲ ಅರ್ಧ ಗಂಟೆ ರೈಲೇ ಇಲ್ಲ, ಬರೀ ಕಸ ಗುಡಿಸುವುದು. ಹಳಿ ಕೂಡುವ ಜಾಗದಲ್ಲಿ ಪೈನ್ ಮರದ ಒಂದು ಸೂಜಿಯೆಲೆ ಸಿಕ್ಕಿಕೊಂಡರೂ ಗಾಡಿ ದಾರಿ ತಪ್ಪುತ್ತದೆ. ರಾತ್ರಿ ಬಸವನಹುಳ ಹಳಿಯ ಮೇಲೆ ವಾಯುವಿಹಾರ ಮಾಡಿದ್ದರೆ ಅದರ ಲೋಳೆಗೆ ಎಂಜಿನ್ನಿನ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ರಕೂನ್ ಎನ್ನುವ ಪ್ರಾಣಿ ರಾತ್ರಿ ಬಂದು ನೀರಿನ ಟ್ಯಾಂಕನ್ನು ಕೆಡವಿ ಹೋಗಿತ್ತು. ಬಿಸಿಲಿನದ್ದು ಇನ್ನೊಂದು ಕಾಟ: ಹತ್ತು ಮೀಟರ್ ಹಿತ್ತಾಳೆ ಹಳಿ ಮೂವತ್ತು ಡಿಗ್ರಿ ಶಾಖ ಏರಿದರೆ ಐದಾರು ಮಿಲಿಮೀಟರ್ ಬೆಳೆಯುತ್ತದೆ. ಕೀಲುಗಳಲ್ಲಿ ಜಾಗ ಬಿಟ್ಟಿರದಿದ್ದರೆ ಮಧ್ಯಾಹ್ನದ ಹೊತ್ತಿಗೆ ಸೊಟ್ಟಗೆ ಉಬ್ಬಿ ಕೂರುತ್ತದೆ. ನಿಜವಾದ ರೈಲ್ವೆಯ ಗ್ಯಾಂಗ್‌ಮನ್ನಿಗಿರುವ ತಲೆನೋವೆಲ್ಲ ಇಲ್ಲೂ ಇದೆ, ಸಂಬಳ ಒಂದಿಲ್ಲ.

ಸರಿ, ರೈಲು ಹೊರಟಿತು. ಸುಮ್ಮನೆ ಸುತ್ತು ಹೊಡೆಯುವ ರೈಲನ್ನು ಎಷ್ಟು ಹೊತ್ತು ನೋಡೋಕಾಗುತ್ತೆ ಹೇಳಿ? ನನ್ನ ಮೊಮ್ಮಗನಿಗೇ ಹತ್ತು ನಿಮಿಷಕ್ಕೆ ಬೇಜಾರು. ಇವರು ಅದಕ್ಕೇ ರೈಲಿಗೆ ಕೆಲಸ ಹಚ್ಚಿದ್ದಾರೆ. ಪ್ರತಿ ಡಬ್ಬಿಗೂ ಒಂದು ರಟ್ಟಿನ ಕಾರ್ಡು, ಅದರ ಮೇಲೆ ಡಬ್ಬಿಯ ನಂಬರು. ಕಾರ್ಡಿಗೊಂದು ಪುಟ್ಟ ಕಿಸೆ, ಕಿಸೆಯಲ್ಲೊಂದು ಚೀಟಿ. ಎಲ್ಲಿಂದ ಎಲ್ಲಿಗೆ, ಏನು ಸರಕು, ಯಾರಿಗೆ, ಎಲ್ಲ ಅದರಲ್ಲಿದೆ. ಒಂದೊಂದು ಚೀಟಿಯಲ್ಲಿ ನಾಲ್ಕು ಪ್ರಯಾಣ: ಮುಂದೆ ಎರಡು, ಹಿಂದೆ ಎರಡು. ದಿನದ ಆಟ ಮುಗಿದ ಮೇಲೆ ಚೀಟಿ ತಿರುಗಿಸಿಟ್ಟರೆ ಮುಂದಿನ ಸಲಕ್ಕೆ ಅದೇ ಡಬ್ಬಿಗೆ ಬೇರೆ ಕೆಲಸ ಸಿದ್ಧ. ಅಮೆರಿಕದ ಮಾದರಿ ರೈಲಿನವರಲ್ಲಿ ಈ ಚೀಟಿ ವ್ಯವಹಾರ 1960ರ ದಶಕದಿಂದ ನಡೆದುಬಂದಿದೆ. ಡಬ್ಬಿಯೊಳಗೆ ಇರುವುದು ಬರೀ ಗಾಳಿ. ಆದರೆ ಚೀಟಿಯಲ್ಲಿ ಒಣದ್ರಾಕ್ಷಿ ಅಂತಿದ್ದರೆ ಆ ಗಾಳಿಯನ್ನು ಒಣದ್ರಾಕ್ಷಿ ಅಂತಲೇ ತಿಳಿದು, ಹಿಂದೆ ಮುಂದೆ ಶಂಟಿಂಗ್ ಮಾಡಿ, ಸರಿಯಾದ ಗೋದಾಮಿನ ಬಾಗಿಲಿಗೇ ನಿಲ್ಲಿಸಬೇಕು. ಒಂದು ಗೇಣು ಆಚೆ ನಿಂತರೂ ಮತ್ತೆ ಎಂಜಿನ್ ಹಚ್ಚಿ ಸರಿಸುತ್ತಾರೆ.

ಇವರಲ್ಲಿ ಅರ್ಧ ಜನ ನಲವತ್ತು ವರ್ಷ ಆಫೀಸಿನ ಕಾಗದಪತ್ರಕ್ಕೆ ಶಾಪ ಹಾಕಿಕೊಂಡು ರಿಟೈರ್ ಆದವರು. ಈಗ ರಜಾ ದಿನ ಬಿಸಿಲಲ್ಲಿ ನಿಂತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಚೀಟಿ ವಿಂಗಡಿಸುತ್ತಾರೆ! ಯಾರೂ ಹೇರದಿದ್ದರೆ ಗುಮಾಸ್ತಿಕೆಯಷ್ಟು ರುಚಿಯಾದ ಕೆಲಸ ಇನ್ನೊಂದಿಲ್ಲವೇನೋ. ಫ್ರಾಂಕ್ ಎಲಿಸನ್ ಅಂತ ಒಬ್ಬರಿದ್ದರಂತೆ, ಮೊದಲು ನಾಟಕರಂಗದಲ್ಲಿದ್ದವರು. ಹಳಿ ಹಾಸಿದ ಜಾಗವೆಂದರೆ ರಂಗಸ್ಥಳ, ಗಾಡಿಗಳೇ ಪಾತ್ರಧಾರಿಗಳು, ವೇಳಾಪಟ್ಟಿಯೇ ನಾಟಕದ ಕಥೆ ಅಂತ 1940ರ ದಶಕದಲ್ಲೇ ಬರೆದರು. ನಮ್ಮ ಗುಬ್ಬಿ ಕಂಪನಿಯವರು ಕೇಳಿದ್ದರೆ ಕರೆದು ಕೂರಿಸಿ ಕಾಫಿ ಕೊಡುತ್ತಿದ್ದರು.

ರಾಯರ ನಾಟಕಕ್ಕೆ ಕಥೆ ಇದೇ ಊರಿನದು. ಕಂಪ್ಯೂಟರ್ ಬರುವ ಮೊದಲು ಈ ಕಣಿವೆಯೆಲ್ಲ ಹಣ್ಣಿನ ತೋಟ. ಪ್ಲಮ್, ಏಪ್ರಿಕಾಟ್, ಅವನ್ನು ಒಣಗಿಸುವ ಕಣ, ಡಬ್ಬಿಗೆ ತುಂಬುವ ಕಾರ್ಖಾನೆ. ಇಲ್ಲಿಂದ ಬೆಟ್ಟ ಹತ್ತಿ ಇಳಿದು ಸಾಂಟಾ ಕ್ರೂಜ್ ಕಡಲತೀರಕ್ಕೆ ಹೋಗುವ ಮೂರಡಿ ಅಗಲದ ಹಳಿ 1880ರಲ್ಲಿ ಬಂತು. ‘ಸೌತ್ ಪೆಸಿಫಿಕ್ ಕೋಸ್ಟ್’ ಅಂತ ಹೆಸರು. ದುಡ್ಡು ಹಾಕಿದವರು ಬೆಳ್ಳಿ ಗಣಿಯಲ್ಲಿ ಕೋಟಿ ಗಳಿಸಿದ ಜೇಮ್ಸ್ ಫೇರ್. ಬೆಟ್ಟದೊಳಗೆ ಮೈಲಿಗಿಂತ ಉದ್ದದ ಸುರಂಗ. ಅದನ್ನು ಕೊರೆಯುವಾಗ 1879ರಲ್ಲಿ ಅನಿಲ ಹೊತ್ತಿ ಸಿಡಿದು ಹಲವಾರು ಚೀನೀ ಕೂಲಿಗಳು ಸತ್ತರು. ರಾಯರು ಗುಲಾಬಿ ಪಾತಿಯ ಸುರಂಗದ ಬಾಯಲ್ಲಿ ಅವರ ನೆನಪಿಗೆ ಹೆಬ್ಬೆರಳುದ್ದದ ಒಂದು ಕಪ್ಪು ಕಲ್ಲು ನೆಟ್ಟಿದ್ದಾರೆ. ಅದರ ವಿಷಯ ಅವರಾಗಿ ಹೇಳಲಿಲ್ಲ, ನಾನೇ ಕೇಳಿದೆ.

1906ರ ಭೂಕಂಪಕ್ಕೆ ಆ ನಿಜವಾದ ಸುರಂಗ ಹಾಳಾಯಿತು, ಆಮೇಲೆ ಅಗಲದ ಹಳಿ ಹಾಕಿದರು. 1940ರ ಮಳೆಗಾಲದಲ್ಲಿ ಗುಡ್ಡ ಜರಿದು ಬೆಟ್ಟದ ದಾರಿ ನಿಂತೇಹೋಯಿತು. ಆದರೆ ಇವರ ಹಿತ್ತಲಲ್ಲಿ ಅದೊಂದೂ ಆಗಿಲ್ಲ. ಅಲ್ಲಿ ಯಾವಾಗಲೂ 1905. ಪಂಚಾಂಗ ಅಲ್ಲೇ ಮೊಳೆ ಹೊಡೆದು ನಿಲ್ಲಿಸಿದ್ದಾರೆ!

ಅಳತೆಯ ವಿಷಯಕ್ಕೆ ಬಂದರೆ ರಾಯರು ಜಿಗುಟು. ಹಳಿ 45 ಮಿಲಿಮೀಟರ್. ಹಿತ್ತಲ ರೈಲಿನವರಲ್ಲಿ ಬಹುಪಾಲು ಜನ ಬಳಸುವುದು ಅದನ್ನೇ. ಜರ್ಮನಿಯ ಎಲ್‌ಜಿಬಿಯವರು 1968ರಲ್ಲಿ ಆ ಹಳಿಯ ಮೇಲೆ ತಮ್ಮ ಗಾಡಿ ತಂದ ಮೇಲೆ ಅದು ಮನೆಮಾತಾಯಿತು. ಜರ್ಮನಿಯವರು 22.5 ಪಟ್ಟು ಕಿರಿದು ಮಾಡಿ ಮೀಟರ್ ಗೇಜ್ ಅಂದರು, ಮೂರಡಿಯ ಗಾಡಿ ಬೇಕಾದವರು 20.3 ಪಟ್ಟು ಅಂದರು, ಹಳಿ ಮಾತ್ರ ಎಲ್ಲರಿಗೂ ಅದೇ. 20.3 ಪಟ್ಟು ಅಂದರೆ ಒಂದು ಮೈಲಿ ಹಿತ್ತಲಲ್ಲಿ ಸುಮಾರು 79 ಮೀಟರ್ ಆಗುತ್ತದೆ. ಅಷ್ಟು ಜಾಗ ಎಲ್ಲಿಂದ ತರೋದು? ಅದಕ್ಕೇ ಸ್ಟೇಷನ್ನುಗಳನ್ನು ಹತ್ತಿರ ಹತ್ತಿರ ಇಟ್ಟು, ಗಡಿಯಾರವನ್ನೇ ನಾಲ್ಕು ಪಟ್ಟು ಜೋರಾಗಿ ಓಡಿಸುತ್ತಾರೆ. ಕಾಲು ಗಂಟೆಗೆ ಒಂದು ಗಂಟೆ. ಊಟದ ಹೊತ್ತಿಗೆ ಮಾತ್ರ ಆ ಗಡಿಯಾರ ನಿಲ್ಲಿಸಿ ನಿಜವಾದ್ದನ್ನು ನೋಡುತ್ತಾರೆ.

ಮೀಟರ್ ಗೇಜ್ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನನ್ನ ಅಪ್ಪ ತರೀಕೆರೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು, ಬೀರೂರು–ಶಿವಮೊಗ್ಗ ಲೈನು ಆಗ ಮೀಟರ್ ಗೇಜೇ. ಕ್ವಾರ್ಟರ್ಸಿನ ಅಡುಗೆಮನೆ ಕಿಟಕಿಗೆ ಗೂಡ್ಸ್ ಗಾಡಿಯ ಹೊಗೆ ಬಡಿದು ಅಮ್ಮ ತೊಳೆದಿದ್ದ ಪಂಚೆ ಮತ್ತೆ ಕಪ್ಪು. ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಹೋಗುವ ವ್ಯಾಗನ್ನುಗಳ ಪಕ್ಕೆಯಲ್ಲಿ ಸಿಕ್ಕಿಸಿದ ಲೇಬಲ್ಲುಗಳನ್ನು ಅಪ್ಪ ಲಾಟೀನು ಹಿಡಿದು ಒಂದೊಂದೇ ಓದುತ್ತಿದ್ದರು. ರಾಯರ ಚೀಟಿ ನೋಡಿದಾಗ ನನಗೆ ನೆನಪಾದದ್ದು ಅದೇ. ಅಮ್ಮನಿಗೆ ಹುಷಾರಿಲ್ಲದ ರಾತ್ರಿಯೂ ‘ನಂಬರು ಬರೆದು ಬಂದೆ’ ಅಂತ ಎದ್ದು ಹೋಗುತ್ತಿದ್ದರು. ಅದಕ್ಕೆ ಅಮ್ಮ ಏನನ್ನುತ್ತಿದ್ದಳು ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಅದಕ್ಕಿಂತ ದೊಡ್ಡದು ಟೋಕನ್ ಚೆಂಡು. ನೀವೂ ನೋಡಿರುತ್ತೀರಿ, ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಒಂದು ಲೋಹದ ಗುಂಡು. ಪಕ್ಕದ ಸ್ಟೇಷನ್ನಿನವರು ಗಂಟೆ ಹೊಡೆದು ಒಪ್ಪಿದರೆ ಮಾತ್ರ ಕೆಂಪು ಪೆಟ್ಟಿಗೆಯಿಂದ ಅದು ಹೊರಗೆ ಬರುವುದು. ಅದು ಡ್ರೈವರ್ ಕೈಗೆ ಸೇರದೆ ಗಾಡಿ ಹೊರಡುವ ಹಾಗಿಲ್ಲ. ಒಂದೇ ಹಳಿ, ಎರಡು ಕಡೆಯಿಂದ ಗಾಡಿ; ಇನ್ನೇನು ಮಾಡ್ತೀರಿ? ‘ಟೋಕನ್ ಇಲ್ಲದೆ ಬ್ರಹ್ಮ ಬಂದರೂ ಬಿಡೊಲ್ಲ’ ಅನ್ನುವುದು ಅಪ್ಪನ ಮಾತು. ಮನೆಯಲ್ಲಿ ಸಿನಿಮಾಕ್ಕೆ ಹೋಗಲು ಅಪ್ಪಣೆ ಕೇಳಿದರೂ ಅದೇ ಮಾತು.

ರಾಯರ ಹಿತ್ತಲಲ್ಲೂ ಸುರಂಗದ ಭಾಗಕ್ಕೆ ಒಂದೇ ಹಳಿ. ಅಲ್ಲಿಗೆ ಚೆಂಡಿನ ಬದಲು ಒಂದು ಕೋಲು, ಪೊರಕೆ ಹಿಡಿಯನ್ನು ಗೇಣುದ್ದಕ್ಕೆ ಕತ್ತರಿಸಿ ಕೆಂಪು ಬಣ್ಣ ಬಳಿದದ್ದು. ಕೋಲು ಕೈಯಲ್ಲಿದ್ದವರ ಗಾಡಿಗೆ ಮಾತ್ರ ಸುರಂಗ. ಸ್ಟೇಷನ್ ಮಾಸ್ಟರ್ ಮಗಳು ಅಂತ ಗೊತ್ತಾಗಿದ್ದೇ ತಡ, ಈ ತುದಿಯ ಕೋಲಿನ ಉಸ್ತುವಾರಿ ನನಗೇ ಕಟ್ಟಿದರು. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಶಿಳ್ಳೆ.

ಇದರಲ್ಲಿ ತಮಾಷೆ ಏನು ಗೊತ್ತಾ? ಕುರ್ಚಿಯಲ್ಲಿ ಕೂತರೆ ಇಡೀ ರೈಲ್ವೆ ಕಣ್ಣ ಮುಂದೆಯೇ ಇದೆ! ಆ ತುದಿ ಹದಿನೈದು ಹೆಜ್ಜೆ. ಹಳಿ ಖಾಲಿ ಬಿದ್ದಿರುವುದು ಕುರುಡನಿಗೂ ಕಾಣುತ್ತದೆ. ಆದರೂ ಕೋಲು ಆ ತುದಿಯಲ್ಲಿದ್ದರೆ ಈ ತುದಿಯ ಗಾಡಿ ಅಲ್ಲಾಡುವ ಹಾಗಿಲ್ಲ. ಮಂಡಿಗೆ ಪಟ್ಟಿ ಕಟ್ಟಿಕೊಂಡವರು ರಿಮೋಟ್ ಹಿಡಿದು ನನ್ನ ಮುಖ ನೋಡಿದರು. ‘ಹೋಗಲಾ?’ ಅಂತ ಕಣ್ಣಲ್ಲೇ ಕೇಳಿದರು. ನಾನು ತಲೆ ಅಡ್ಡಡ್ಡ ಆಡಿಸಿದೆ. ಪಾಪ, ನಿಂತುಕೊಂಡರು. ಹನ್ನೆರಡು ಡಬ್ಬಿಯ ಗಾಡಿಯೂ ಅವರ ಜೊತೆ ನಿಂತುಕೊಂಡಿತು.

ಅವರ ಗಾಡಿಯಲ್ಲಿ ಒಂದು ಸಿಡಿಮದ್ದಿನ ಡಬ್ಬಿಯೂ ಇತ್ತು. ಸಾಂಟಾ ಕ್ರೂಜ್ ಹತ್ತಿರ ನಿಜಕ್ಕೂ ಒಂದು ಸಿಡಿಮದ್ದಿನ ಕಾರ್ಖಾನೆ ಇತ್ತು, ಅದಕ್ಕೆ ಸೇರಿದ್ದು. ಅಂಥ ಡಬ್ಬಿಯನ್ನು ಎಂಜಿನ್ನಿಗೆ ತಾಗಿಸಿ ಕಟ್ಟಬಾರದು, ಕಿಡಿ ಹಾರಿದರೆ ಗತಿ ಏನು? ಎಂಜಿನ್ ಓಡುವುದು ಬ್ಯಾಟರಿಯಲ್ಲಿ, ಕಿಡಿಯೂ ಇಲ್ಲ ಮದ್ದೂ ಇಲ್ಲ. ಆದರೂ ಆ ಒಂದು ಡಬ್ಬಿಯನ್ನು ನಡುವೆ ತರುವುದಕ್ಕೆ ಅವರು ಲೂಪ್ ಲೈನಿನಲ್ಲಿ ಮಾಡಿದ ಶಂಟಿಂಗ್ ನೋಡಬೇಕಿತ್ತು. ಮುಂದೆ ಹೋದರು, ಬಿಡಿಸಿದರು, ಹಿಂದೆ ಬಂದರು, ಇನ್ನೊಂದನ್ನು ಬಿಡಿಸಿದರು, ಮೊದಲು ಬಿಡಿಸಿದ್ದು ಅಡ್ಡ ಬಂತು, ಅದನ್ನು ಮತ್ತೆ ಕಟ್ಟಿಕೊಂಡು ಹೊರಗೆ ಎಳೆದರು. ಬಾಡಿಗೆ ಮನೆಯ ಚಿಕ್ಕ ಕೋಣೆಯಲ್ಲಿ ಬೀರು ಸರಿಸಲು ಮಂಚ, ಮಂಚ ಸರಿಸಲು ಬೀರು ಅಂತ ಒದ್ದಾಡುತ್ತೀವಲ್ಲ, ಥೇಟ್ ಹಾಗೆ. ಯಾರೂ ಸಲಹೆ ಕೊಡಲಿಲ್ಲ. ಕೊಡಬಾರದಂತೆ, ಅದೂ ಒಂದು ನಿಯಮ. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬೀದಿಯೆಲ್ಲ ಸೇರಿ ‘ರೈಟ್, ರೈಟ್, ಲೆಫ್ಟ್ ಹೊಡಿ’ ಅನ್ನುತ್ತಿತ್ತು.

ಊಟಕ್ಕೆ ಎಲ್ಲರೂ ಒಂದೊಂದು ತಂದಿದ್ದರು. ನಾನು ಪುಳಿಯೋಗರೆ ಮತ್ತು ಕೋಡುಬಳೆ ಒಯ್ದಿದ್ದೆ. ಪುಳಿಯೋಗರೆಯನ್ನು ಮರ್ಯಾದೆಗೆ ಮುಟ್ಟಿದರು. ಕೋಡುಬಳೆ ಮಾತ್ರ ಕ್ಷಣದಲ್ಲಿ ಮಾಯ. ಸೊಂಟ ಹಿಡಿದುಕೊಂಡು ಬಂದವರು ಒಂದಿಷ್ಟನ್ನು ಮೇಲ್ಛಾವಣಿ ಇಲ್ಲದ ವ್ಯಾಗನ್ನಿಗೆ ತುಂಬಿ, ಖಾಲಿ ಚೀಟಿಯ ಮೇಲೆ ಏನೋ ಗೀಚಿ, ಲಾಸ್ ಗಾಟೋಸ್ ಸ್ಟೇಷನ್ನಿಗೆ ಕಳಿಸಿಯೇಬಿಟ್ಟರು. ಅವತ್ತು ಆ ಹಿತ್ತಲಲ್ಲಿ ಸಾಗಿದ ನಿಜವಾದ ಸರಕು ಅದೊಂದೇ. ದಾರಿಯಲ್ಲಿ ಎರಡು ಕಳವಾಯಿತು ಅನ್ನುವುದು ಬೇರೆ ಮಾತು. ಗೂಡ್ಸ್ ಗಾಡಿ ಅಂದ ಮೇಲೆ ಅಷ್ಟೂ ಇರದಿದ್ದರೆ ಹೇಗೆ, ಅಲ್ವಾ?

ಸಂಜೆ ಎಲ್ಲ ಸಲೀಸಾಗಿ ಮುಗಿಯಬೇಕಿತ್ತು. ಕಡೆಯ ಗೂಡ್ಸು ನನ್ನ ತುದಿಗೆ ಬಂದು ನಿಂತಿತು, ಕೋಲು ಆ ತುದಿಯಲ್ಲಿ. ಅಲ್ಲಿಂದ ಈ ಕಡೆಗೆ ಬರುವ ಗಾಡಿ ಇನ್ನೊಂದಿಲ್ಲ. ಕೋಲು ಗಾಡಿಯ ಜೊತೆಗೇ ಬರಬೇಕು ಅನ್ನುವುದು ಅವರ ನಿಯಮ. ಎಲ್ಲರೂ ಗಲ್ಲಕ್ಕೆ ಕೈ ಇಟ್ಟುಕೊಂಡು ಯೋಚಿಸುತ್ತಿರುವಾಗ, ತಟ್ಟೆ ಲೋಟ ಎತ್ತಲು ಬಂದ ರಾಯರ ಹೆಂಡತಿ ಆ ಕೋಲನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಬಂದು ನನ್ನ ಮಡಿಲಲ್ಲಿಟ್ಟು ಒಳಗೆ ಹೋದರು. ನಾನು ಶಿಳ್ಳೆ ಊದಿದೆ, ಗಾಡಿ ಹೋಯಿತು.

ಅಲ್ಲಿಂದ ಶುರು ನೋಡಿ. ಅದು ನಿಯಮದ ಪ್ರಕಾರ ಆಯಿತೋ ಇಲ್ಲವೋ? ಅರ್ಧ ಜನ ಆ ಗಾಡಿ ಹೋದದ್ದೇ ಲೆಕ್ಕಕ್ಕಿಲ್ಲ, ಡಬ್ಬಿಗಳನ್ನು ವಾಪಸ್ ತರಬೇಕು ಅನ್ನುತ್ತಾರೆ. ಉಳಿದರ್ಧ, ಯಜಮಾನಿಯೇ ಒಂದು ಗಾಡಿ ಅಂತ ಭಾವಿಸಿದರೆ ತೊಂದರೆಯಿಲ್ಲ ಅನ್ನುತ್ತಾರೆ. ಮೊನ್ನೆ ರಾಯರು ಬೇಲಿ ಹತ್ತಿರ ಬಂದು ನಿಮ್ಮ ತಂದೆಯವರಾಗಿದ್ದರೆ ಏನು ಮಾಡುತ್ತಿದ್ದರು ಅಂತ ಕೇಳಿದರು. ಶಿಳ್ಳೆ ಊದಿದ ನನಗೂ, ಕೋಲು ತಂದ ನಿಮ್ಮ ಹೆಂಡತಿಗೂ ಒಂದೊಂದು ಮೆಮೊ ಕೊಡುತ್ತಿದ್ದರು ಅಂದೆ. ಅವರು ನಗಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಆ ಮೆಮೊ ಬರುವ ಮೊದಲೇ ಆಯಮ್ಮ ಬೇಲಿ ಮೇಲಿಂದ ಖಾಲಿ ಡಬ್ಬ ದಾಟಿಸಿದ್ದಾರೆ, ಮುಂದಿನ ಸಲಕ್ಕೆ ಕೋಡುಬಳೆ ಜಾಸ್ತಿ ಬೇಕಂತೆ. ಇಲ್ಲಿ ಅಕ್ಕಿ ಹಿಟ್ಟು ಸಿಗುತ್ತೆ, ಹದ ಬರೋಲ್ಲ. ನೀವು ಯಾರಾದರೂ ಈ ಕಡೆ ಬರುವವರಿದ್ದರೆ ನಮ್ಮ ಮಿಲ್ಲಿಂದು ಎರಡು ಕೇಜಿ ಕಳಿಸೋಕಾಗುತ್ತಾ?